‘ಐವರು ಹೆಣ್ಣುಮಕ್ಕಳೂ ಇದ್ದರು’ ಎಂದು ಬರೆದವರಿಗೆ

ಪ್ರಿಯರೇ,

ವಿಲಿಯಂ ಮಾರ್ಷಲ್ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಎಂಟುನೂರು ವರ್ಷ ಹಿಂದಿನ ಇಂಗ್ಲೆಂಡಿನ ಒಬ್ಬ ಸರದಾರನ ಬದುಕನ್ನು ಕನ್ನಡದಲ್ಲಿ ಹೇಳಬೇಕು ಅಂತ ನಿಮಗೆ ಅನಿಸಿತಲ್ಲ, ಅದಕ್ಕೇ ಮೊದಲು ಖುಷಿಯಾಯಿತು. ಇಸವಿಗಳು ಸರಿಯಾಗಿವೆ. ಟೂರ್ನಮೆಂಟ್‌ಗಳ, ಅಂದರೆ ಸರದಾರರು ಕುದುರೆ ಏರಿ ಆಡುತ್ತಿದ್ದ ಕಾದಾಟದ ಆಟಗಳ ಭಾಗ ಓದಿಸಿಕೊಂಡು ಹೋಗುತ್ತದೆ. 70ರ ಆಸುಪಾಸಿನ ಮುದುಕ 1217ರಲ್ಲಿ ಲಿಂಕನ್ ಕಾಳಗಕ್ಕೆ ಕುದುರೆ ಏರಿದ್ದನ್ನೂ ಚೆನ್ನಾಗಿ ಬರೆದಿದ್ದೀರಿ.

ಆದರೆ ಈಗಿರುವ ಹಾಗೆ ಇದನ್ನು ಹಾಕೋಕೆ ನನಗೆ ಮನಸ್ಸು ಬರುತ್ತಿಲ್ಲ. ಎರಡು ಜಾಗದಲ್ಲಿ ಓದು ನಿಲ್ಲಿಸಿ ಎದ್ದು ಓಡಾಡಿಬಿಟ್ಟೆ. ಆ ಎರಡನ್ನೇ ಹೇಳುತ್ತೇನೆ.

ಮೊದಲನೆಯದು ಎರಡನೇ ಪುಟದ್ದು. 1152ರಲ್ಲಿ ನ್ಯೂಬರಿ ಕೋಟೆಗೆ ಸ್ಟೀಫನ್ ರಾಜ ಮುತ್ತಿಗೆ ಹಾಕುತ್ತಾನೆ. ವಿಲಿಯಂನ ಅಪ್ಪ ಜಾನ್ ಸ್ವಲ್ಪ ದಿನದ ಬಿಡುವು ಕೇಳಿ, ಐದಾರು ವರ್ಷದ ಮಗನನ್ನು ಒತ್ತೆ ಇಡುತ್ತಾನೆ. ಆ ಬಿಡುವಿನಲ್ಲೇ ಮಾತು ಮುರಿದು ಕೋಟೆಯೊಳಕ್ಕೆ ಜನ, ದವಸ ತುಂಬಿಸಿಕೊಳ್ಳುತ್ತಾನೆ. ಹುಡುಗನನ್ನು ನೇಣಿಗೆ ಹಾಕುತ್ತೇವೆ ಅಂತ ರಾಜನ ಕಡೆಯವರು ಹೇಳಿ ಕಳಿಸುತ್ತಾರೆ. ಇಲ್ಲಿ ನೀವು ಬರೆದಿರುವುದು ಇದು:

‘ಮುಗ್ಧ ಬಾಲಕನ ಹೃದಯದಲ್ಲಿ ಭೀತಿಯ ಬಿರುಗಾಳಿ ಎದ್ದಿತ್ತು. ಕ್ರೂರ ವಿಧಿ ಅವನೊಂದಿಗೆ ಆಟವಾಡುತ್ತಿತ್ತು.’

ಬಿರುಗಾಳಿ ಎದ್ದಿತ್ತು ಅಂತ ನಿಮಗೆ ಯಾರು ಹೇಳಿದರು? ವಿಲಿಯಂ ಸತ್ತ ಮೇಲೆ ಅವನ ಹಿರಿಮಗ ಬರೆಸಿದ ಕಾವ್ಯ ಇದೆ. ಹಳೆಯ ಫ್ರೆಂಚಿನಲ್ಲಿ, 19 ಸಾವಿರಕ್ಕೂ ಜಾಸ್ತಿ ಸಾಲು. ಈ ಕಥೆ ನಮಗೆ ಸಿಕ್ಕಿರುವುದೇ ಅದರಿಂದ. ಅದರಲ್ಲಿ ಹುಡುಗ ಹೆದರಿಯೇ ಇಲ್ಲ. ನೇಣಿಗೆ ಕರೆದೊಯ್ಯುವಾಗ ದಾರಿಯಲ್ಲಿ ಒಬ್ಬ ಸರದಾರನ ಕೈಯಲ್ಲಿದ್ದ ಈಟಿ ಕಾಣುತ್ತದೆ. ‘ಅದನ್ನ ನನಗೆ ಕೊಡ್ತೀರಾ?’ ಅಂತ ಕೇಳುತ್ತಾನೆ. ಅಷ್ಟು ಕೇಳಿದ್ದೇ ತಡ, ರಾಜನ ಮನಸ್ಸು ಕರಗಿ ಹುಡುಗನನ್ನು ಎತ್ತಿಕೊಂಡು ವಾಪಸ್ ಬರುತ್ತಾನೆ. ಆಮೇಲೊಂದು ದಿನ ರಾಜನ ಡೇರೆಯಲ್ಲಿ, ನೆಲದಲ್ಲಿ ಬೆಳೆದಿದ್ದ ಗಿಡದ ದಂಟುಗಳನ್ನು ಹುಡುಗ ಕಿತ್ತು ಗುಡ್ಡೆ ಹಾಕುತ್ತಾನೆ. ಅವೇ ಅವನ ಯೋಧರು. ಒಬ್ಬ ದಂಟು ಹಿಡಿಯಬೇಕು, ಇನ್ನೊಬ್ಬ ತನ್ನ ದಂಟಿನಿಂದ ಹೊಡೆಯಬೇಕು. ಯಾರದರ ತಲೆ ಉದುರುತ್ತದೋ ಅವರು ಸೋತ ಹಾಗೆ. ರಾಜ ಕೂತು ಆಡುತ್ತಾನೆ. ರಾಜನ ದಂಟಿನ ತಲೆ ಉದುರುತ್ತದೆ. ಹುಡುಗನಿಗೆ ಕುಣಿಯುವಷ್ಟು ಸಂತೋಷ.

ಅವನೊಂದಿಗೆ ಆಟವಾಡಿದ್ದು ವಿಧಿಯಲ್ಲ, ರಾಜ. ಇಷ್ಟು ಒಳ್ಳೆಯದು ಕೈಯಲ್ಲೇ ಇರುವಾಗ ಬಿರುಗಾಳಿಯನ್ನು ಎಲ್ಲಿಂದಲೋ ತಂದಿರಲ್ಲ, ಅದು ನನಗೆ ಹೊಟ್ಟೆ ಉರಿಸಿತು. ಅಪ್ಪನ ಮಾತನ್ನೂ ನೀವು ಹಾಳು ಮಾಡಿದ್ದೀರಿ. ‘ತನಗೆ ಮಗನ ಪ್ರಾಣದ ಬಗ್ಗೆ ಕಾಳಜಿ ಇಲ್ಲವೆಂದು ತಿಳಿಸಿದನು’ ಅಂತಿದೆ ನಿಮ್ಮಲ್ಲಿ. ಅವನು ಹೇಳಿದ್ದು, ಇದಕ್ಕಿಂತ ಒಳ್ಳೆ ಮಕ್ಕಳನ್ನು ಬಡಿದು ಮಾಡುವುದಕ್ಕೆ ಸುತ್ತಿಗೆ, ಅಡೆಗಲ್ಲು ಎರಡೂ ನನ್ನ ಹತ್ತಿರ ಇವೆ ಅಂತ. ಕಮ್ಮಾರನ ಮಾತು ಅದು. ಹಾಗೇ ಇಡಿ.

ಎರಡನೆಯದು ಕೊನೆಯ ಪುಟ. ನನಗೆ ನಿಜವಾಗಿ ನೋವಾದದ್ದು ಇಲ್ಲಿ.

‘ರಾಜನು ಅವನಿಗೆ ಶ್ರೀಮಂತ ಹೆಂಡತಿಯನ್ನು ಬಹುಮಾನವಾಗಿ ನೀಡಿದನು. ಅವನಿಗೆ ಐವರು ಗಂಡುಮಕ್ಕಳು. ಐವರು ಹೆಣ್ಣುಮಕ್ಕಳೂ ಇದ್ದರು.’ ಆಮೇಲೆ ಒಬ್ಬೊಬ್ಬ ಮಗನಿಗೂ ಒಂದೊಂದು ಪ್ಯಾರಾ. ಕೊನೆಗೆ, ‘1245ರಲ್ಲಿ ಕಿರಿಮಗ ಆನ್ಸೆಲ್ಮ್ ಸಾಯುವುದರೊಂದಿಗೆ ಮಾರ್ಷಲ್ ವಂಶ ನಿರ್ನಾಮವಾಯಿತು.’

ಇದನ್ನು ಓದಿದಾಗ ನನಗೆ ನನ್ನ ಮೊದಲ ಕೆಲಸ ನೆನಪಾಯಿತು. ಒಂದು ಸಣ್ಣ ಪತ್ರಿಕೆ. ಹೊಸಬನಾದ ನನಗೆ ನಿಧನ ವಾರ್ತೆಯ ಅಂಕಣ ಕೊಟ್ಟಿದ್ದರು. ‘ಮೃತರು ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ದಿನಕ್ಕೆ ಏಳೆಂಟು ಸಲ ಈ ಸಾಲು ಬರೆಯುತ್ತಿದ್ದೆ. ಒಬ್ಬ ಮೇಷ್ಟ್ರು ತೀರಿಕೊಂಡಾಗ ಗಂಡುಮಕ್ಕಳ ಹೆಸರು, ಹುದ್ದೆ ಎಲ್ಲ ಹಾಕಿದೆ. ಹೆಣ್ಣುಮಕ್ಕಳಿಗೆ ಬರೀ ಸಂಖ್ಯೆ. ಮಾರನೇ ದಿನ ಒಬ್ಬ ಹೆಂಗಸು ಆಫೀಸಿಗೆ ಬಂದರು. ಬೈಯಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಂದಿದ್ದರು. ‘ಒಂಬತ್ತು ವರ್ಷ ಅಪ್ಪನ್ನ ನೋಡಿಕೊಂಡಿದ್ದು ನಾನು. ನನ್ನ ಹೆಸರು ಹಾಕೋಕೆ ಜಾಗ ಇರಲಿಲ್ವಾ ಸಾರ್?’ ಅಂದರು. ಜಾಗ ಇತ್ತು. ನಾನು ಕೇಳಿರಲಿಲ್ಲ. ನಮ್ಮ ಮುಖ್ಯ ಉಪಸಂಪಾದಕರು ಅವರನ್ನು ಕೂರಿಸಿ, ಕಾಫಿ ತರಿಸಿ, ನನ್ನ ಕೈಯಲ್ಲೇ ಮೂರೂ ಹೆಸರು ಬರೆಸಿದರು. ಮರುದಿನ ಮತ್ತೆ ಅಚ್ಚಾಯಿತು. ಅವತ್ತಿನಿಂದ ‘ಹೆಣ್ಣುಮಕ್ಕಳೂ ಇದ್ದರು’ ಅನ್ನುವ ಸಾಲು ಎಲ್ಲಿ ಕಂಡರೂ ನನಗೆ ಆ ಪೆನ್ಸಿಲ್ ಗೆರೆ ಕಾಣುತ್ತದೆ.

ಈಗ ನಿಮ್ಮ ಸಾಲುಗಳಿಗೆ ಬರುತ್ತೇನೆ.

‘ಶ್ರೀಮಂತ ಹೆಂಡತಿ.’ ಅವಳ ಹೆಸರು ಇಸಬೆಲ್ ಡಿ ಕ್ಲೇರ್. ಅಪ್ಪ ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್, ಅಮ್ಮ ಐರ್ಲೆಂಡಿನ ಲೆನ್‌ಸ್ಟರ್ ಅರಸನ ಮಗಳು ಈಫಾ. 1189ರಲ್ಲಿ ಮದುವೆಯಾದಾಗ ಅವಳಿಗೆ 17ರ ಆಸುಪಾಸು, ಅವನಿಗೆ ನಲವತ್ತು ದಾಟಿತ್ತು. ಅಲ್ಲಿವರೆಗೆ ಅವನ ಹತ್ತಿರ ಹೇಳಿಕೊಳ್ಳುವಂಥ ಜಮೀನಿರಲಿಲ್ಲ. ವೇಲ್ಸಿನ ಪೆಂಬ್ರೋಕ್, ಐರ್ಲೆಂಡಿನ ಲೆನ್‌ಸ್ಟರ್ ಎಲ್ಲ ಅವಳ ಕಡೆಯಿಂದ ಬಂದದ್ದು. 1207ರಲ್ಲಿ ಜಾನ್ ರಾಜ ಅವನನ್ನು ಇಂಗ್ಲೆಂಡಿಗೆ ಕರೆಸಿಕೊಂಡಾಗ ಅವಳು ಬಸುರಿ. ಅವಳನ್ನು ಐರ್ಲೆಂಡಿನಲ್ಲೇ ಬಿಟ್ಟು ಹೊರಡುವ ಮುಂಚೆ ಕೈ ಹಿಡಿದು ತನ್ನ ಜನರ ಮುಂದೆ ನಿಲ್ಲಿಸುತ್ತಾನೆ. ಇವಳು ನಿಮ್ಮ ಒಡೆಯನ ಮಗಳು, ಇವಳಿಂದಲ್ಲದೆ ಇಲ್ಲಿ ನನ್ನದು ಅಂತ ಏನೂ ಇಲ್ಲ, ಅನ್ನುತ್ತಾನೆ. ನಿಮ್ಮ ನಾಯಕನೇ ಒಪ್ಪಿಕೊಂಡ ಮಾತನ್ನು ನೀವು ಯಾಕೆ ನುಂಗಿದಿರಿ?

‘ವಂಶ ನಿರ್ನಾಮವಾಯಿತು.’ ಇದು ತಪ್ಪು. ಐವರು ಗಂಡುಮಕ್ಕಳಿಗೂ ಹಕ್ಕಿನ ಸಂತಾನ ಇರಲಿಲ್ಲ ಅನ್ನುವುದು ನಿಜ. ಆಗ ಆಸ್ತಿ ಐದು ಪಾಲಾಗಿ ಐವರು ಅಕ್ಕತಂಗಿಯರ ಕಡೆಗೆ ಹೋಯಿತು. ಅಷ್ಟರಲ್ಲಿ ಅವರಲ್ಲೂ ಹೆಚ್ಚಿನವರು ತೀರಿಕೊಂಡಿದ್ದರಿಂದ ಪಾಲು ಅವರ ಮಕ್ಕಳಿಗೆ ಸಿಕ್ಕಿತು. ಆ ಐವರಲ್ಲಿ ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು. ಅವಳ ಪಾಲು ಮತ್ತೆ ಏಳಾಯಿತು. ಈವ್‌ಳ ಗಂಡನನ್ನು ವೇಲ್ಸ್ ಅರಸ ಲುವೆಲಿನ್ 1230ರಲ್ಲಿ ನೇಣಿಗೆ ಹಾಕಿಸಿದ್ದ. ಅವಳು ವಿಧವೆಯಾಗಿಯೇ ಸಂಸಾರ ನಡೆಸಿದಳು. ಅಮ್ಮನ ಹೆಸರಿನವಳೇ ಆದ ಇಸಬೆಲ್ ಮಾರ್ಷಲ್‌ಳ ಮಗಳ ಮೊಮ್ಮಗನೇ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್. ಹಿರಿಮಗಳು ಮಟಿಲ್ಡಾಳ ಮೂಲಕ ‘ಮಾರ್ಷಲ್’ ಅನ್ನುವ ಪದವಿಯೇ ಅವಳ ಮಗ ರೋಜರ್ ಬಿಗಡ್‌ಗೆ ಹೋಯಿತು. ಪದವಿ, ಕೋಟೆ, ಜಮೀನು, ರಕ್ತ ಎಲ್ಲ ಉಳಿದಿರುವಾಗ ನಿರ್ನಾಮವಾದದ್ದು ಏನು?

ಇನ್ನೊಬ್ಬ ಮಗಳು ಜೋನ್ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ.

1219ರ ವಸಂತ. ಕ್ಯಾವರ್‌ಶಮ್ ಮನೆಯಲ್ಲಿ ವಿಲಿಯಂ ಸಾಯುತ್ತಾ ಮಲಗಿದ್ದಾನೆ. ಇನ್ನೂ ಮದುವೆಯಾಗದ ಜೋನ್‌ಳದೇ ಅವನಿಗೆ ಚಿಂತೆ. ಅವಳ ಹೆಸರಿಗೆ ವರ್ಷಕ್ಕೆ 30 ಪೌಂಡ್ ಹುಟ್ಟುವ ಜಮೀನು, 200 ಮಾರ್ಕ್ ನಗದು ಇಡುತ್ತಾನೆ. ಒಂದು ದಿನ ತನ್ನ ಬಂಟನ ಹತ್ತಿರ, ಮೂರು ದಿನದಿಂದ ಹಾಡಬೇಕು ಅನಿಸುತ್ತಿದೆ ಅನ್ನುತ್ತಾನೆ. ಹಾಡಿ ಅಂದರೆ, ಜನ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾರೆ, ಬೇಡ ಅನ್ನುತ್ತಾನೆ. ಆಗ ಹೆಣ್ಣುಮಕ್ಕಳನ್ನು ಕರೆಸುತ್ತಾರೆ. ಮಟಿಲ್ಡಾ ಹಾಡುತ್ತಾಳೆ, ಅವಳಿಗೆ ಮನಸ್ಸೇ ಇಲ್ಲ. ಆಮೇಲೆ ಜೋನ್ ಅಳುಕುತ್ತಾ ಒಂದು ನುಡಿ ಹಾಡುತ್ತಾಳೆ. ಅಪ್ಪ ತಡೆಯುತ್ತಾನೆ. ಹಾಡುವಾಗ ನಾಚಿಕೆ ಮಾಡಿಕೊಳ್ಳಬಾರದು ಅಂತ, ಪದಗಳನ್ನು ಹೇಗೆ ಹೇಳಬೇಕು ಅಂತ ಅವಳಿಗೆ ಹೇಳಿಕೊಡುತ್ತಾನೆ.

ಇದಾದ ಸ್ವಲ್ಪ ದಿನಕ್ಕೆ, ಮೇ 14ರಂದು, ಅವನು ತೀರಿಕೊಂಡ. ಮುಂದೆ ಐದು ಪಾಲು ಮಾಡಿದಾಗ ಪೆಂಬ್ರೋಕ್ ಹೋದದ್ದು ಈ ಜೋನ್‌ಳ ಕಡೆಗೆ. ಅವಳ ಮಗಳನ್ನು ಮದುವೆಯಾದ ವಿಲಿಯಂ ಡಿ ವ್ಯಾಲೆನ್ಸ್ ಆ ಕೋಟೆಯ ಒಡೆಯನಾದ.

ಇದು ನಿಮಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವನ ಸಾವಿನ ಬೇರೆ ವಿವರಗಳೆಲ್ಲ ನಿಮ್ಮಲ್ಲಿವೆ. ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧ ಸನ್ಯಾಸಿಗಳ ಪಂಥ ಸೇರಿದ್ದು, ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಹೂಳಿದ್ದು, ಎಲ್ಲ. ಹಾಡು ಮಾತ್ರ ಇಲ್ಲ. ಅದು ಮನೆಯ ಮಾತು, ಇತಿಹಾಸ ಅಲ್ಲ ಅಂತ ಬಿಟ್ಟಿರಿ ಅಲ್ವಾ?

ಗಂಡುಮಕ್ಕಳ ಐದು ಪ್ಯಾರಾಗಳನ್ನು ಒಂದಕ್ಕೆ ಇಳಿಸಿ. ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟಿನಲ್ಲಿ ಸತ್ತದ್ದು ಇರಲಿ, ಅದು ಅಪ್ಪನಿಗೆ ಹೆಸರು ತಂದ ಆಟ. ಇಬ್ಬರು ಮಕ್ಕಳನ್ನು ವಿಲಿಯಂ ಜಾನ್ ರಾಜನಿಗೆ ಒತ್ತೆ ಕೊಟ್ಟದ್ದೂ ಇರಲಿ, ಅವನೂ ಒಂದು ಕಾಲಕ್ಕೆ ಒತ್ತೆಯ ಹುಡುಗ. ಉಳಿದ ಜಾಗ ಹೆಣ್ಣುಮಕ್ಕಳಿಗೆ ಕೊಡಿ. ತಿಂಗಳ ಕೊನೆಯವರೆಗೆ ನಿಮ್ಮ ಲೇಖನಕ್ಕೆ ಪುಟ ಕಾದಿರಿಸುತ್ತೇನೆ. ಕಳಿಸುವ ಮುಂಚೆ ಹೆಸರುಗಳನ್ನು ಒಮ್ಮೆ ಎಣಿಸಿ: ಮಟಿಲ್ಡಾ, ಇಸಬೆಲ್, ಸಿಬಿಲ್, ಈವ್, ಜೋನ್.

ವಿಶ್ವಾಸದಿಂದ,
ಸಂಪಾದಕ