ರೀಫ್ ಟ್ಯಾಂಕಿಗೆ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಮನೇಲೇ ಎಲ್ಇಡಿ ಮೂನ್‌ಲೈಟ್, ಅಂದ್ರೆ ರಾತ್ರಿಗೆ ಬೆಳದಿಂಗಳಂಥ ಮಂದ ಲೈಟ್, ಮಾಡ್ಕೋಬೇಕು, ಹಳೇ 12 ವೋಲ್ಟ್ ಅಡಾಪ್ಟರ್ ಸಾಕಾಗುತ್ತಾ?

ಧಾರಾಳವಾಗಿ ಸಾಕು. 5 ಎಂಎಂ ನೀಲಿ ಎಲ್ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು, ಮೂರನ್ನ ಸೀರೀಸಲ್ಲಿ (ಒಂದರ ಹಿಂದೊಂದು) ಹಾಕಿದ್ರೆ 9.6 ಆಯ್ತು, ಉಳಿದ 2.4 ವೋಲ್ಟ್ ಕರೆಂಟು ತಡೆಯೋ ರೆಸಿಸ್ಟರ್ ಪಾಲಿಗೆ, 20 ಮಿಲಿಆಂಪ್ ಲೆಕ್ಕಕ್ಕೆ 120 ಓಮ್ ಬರುತ್ತೆ. ಆದ್ರೆ ಅಷ್ಟು ಬೆಳಕು ಬೇಡವೇ ಬೇಡ. ನಾನು 470 ಓಮ್ ಹಾಕ್ತೀನಿ, ಕರೆಂಟು 5-6 ಮಿಲಿಆಂಪ್‌ಗೆ ಇಳಿಯುತ್ತೆ, ಮಂದವಾಗಿ ಚೆನ್ನಾಗಿರುತ್ತೆ. ನಿಜವಾದ ಹುಣ್ಣಿಮೆ ಬೆಳಕೇ ಸಾಮಾನ್ಯವಾಗಿ 0.3 ಲಕ್ಸ್ (ಬೆಳಕಿನ ಅಳತೆ) ದಾಟಲ್ಲ, ನಾವು ಟ್ಯಾಂಕನ್ನ ರಾತ್ರಿಯಿಡೀ ಝಗಮಗ ಅನ್ನಿಸಿದ್ರೆ ಮೀನು ಮಲಗೋದಾದ್ರೂ ಹೇಗೆ ಹೇಳಿ.

ಎಲ್ಇಡಿಯ ಉದ್ದ ಕಾಲು ಪ್ಲಸ್, ಗಿಡ್ಡದ್ದು ಮೈನಸ್, ಉಲ್ಟಾ ಹಾಕಿದ್ರೆ ಮೂರೂ ಹತ್ತಲ್ಲ.

ಎಲ್ಲಕ್ಕಿಂತ ಮುಖ್ಯ, ಟ್ಯಾಂಕಿನ ಉಪ್ಪುನೀರಿಂದ ವೈರು ಕಾಪಾಡೋದು. ನನ್ನ ಮೊದಲನೇ ಸೆಟ್ಟಲ್ಲಿ ಬೆಸುಗೆ ಜಾಗಾನ ಬರೀ ಟೇಪ್ ಸುತ್ತಿ ಬಿಟ್ಟಿದ್ದೆ, ಕೆಲವೇ ತಿಂಗಳಲ್ಲಿ ಟೇಪ್ ಕೆಳಗೆ ಹಸಿರು ಕಿಲುಬು ಕಟ್ಟಿ ಎಲ್ಇಡಿ ಕಾಲೇ ಮುರಿದು ಕೈಗೆ ಬಂತು. ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ) ಹಾಕಿ, ಮೇಲೆ ಸಿಲಿಕೋನ್ ಬಳೀರಿ, ಎಲ್ಇಡಿಗಳನ್ನ ನೀರಿಗಿಂತ ಮೇಲೆ ಮುಚ್ಚಳಕ್ಕೆ ಅಂಟಿಸಿ. ಅಡಾಪ್ಟರ್ ವೈರು ಪ್ಲಗ್‌ಗಿಂತ ಕೆಳಗೆ ಒಂದು ಸಲ ಬಳುಕಿ ಮೇಲೆ ಹೋಗೋ ಹಾಗೆ ಬಿಡಿ, ನೀರು ಹರಿದು ಬಂದ್ರೂ ಅಲ್ಲೇ ತೊಟ್ಟಿಕ್ಕುತ್ತೆ, ಪ್ಲಗ್‌ಗೆ ಹೋಗಲ್ಲ.

ಹವಳಗಳಿಗೆ ಚಂದ್ರನ ಲೆಕ್ಕ ನಿಜಕ್ಕೂ ಗೊತ್ತಾಗುತ್ತೆ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಲ್ಲಿ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲೇ ಒಟ್ಟಿಗೆ ಮೊಟ್ಟೆ ಬಿಡ್ತಾವೆ. ಹಾಗಾಗಿ ಅಮಾವಾಸ್ಯೆ ಆಸುಪಾಸು ನಾಲ್ಕು ದಿನ ಲೈಟ್ ಪೂರ್ತಿ ಆಫ್ ಮಾಡಿಬಿಡಿ.