ರಕ್ಷಿಸಿ ತಂದ ಮೊಲ ನನ್ನನ್ನು ಕಂಡರೆ ಮೂಲೆ ಸೇರುತ್ತದೆ. ಅದಕ್ಕೆ ಧೈರ್ಯ ಬರಿಸುವುದು ಹೇಗೆ?

ನೀವು ಅದರ ಹತ್ತಿರ ಹೋಗುವುದನ್ನು ಬಿಟ್ಟು, ಅದೇ ನಿಮ್ಮ ಹತ್ತಿರ ಬರುವವರೆಗೆ ಕಾಯಬೇಕು. ಅಲ್ಲಿಯತನಕ ಎತ್ತಿಕೊಳ್ಳಲೇಬೇಡಿ. ಮೊಲ ಇನ್ನೊಬ್ಬರ ಬೇಟೆಗೆ ಸಿಗುವ ಪ್ರಾಣಿ. ಹದ್ದೋ ನರಿಯೋ ಹಿಡಿದಾಗ ಮಾತ್ರ ಅದರ ಕಾಲು ನೆಲ ಬಿಡುತ್ತದೆ. ಹಾಗಾಗಿ ಮುದ್ದಿನಿಂದ ಎತ್ತಿದರೂ ಅದಕ್ಕೆ ಪ್ರಾಣಭಯವೇ.

ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಎದುರುಬದುರು ಎರಡು ಬಾಗಿಲು ಕತ್ತರಿಸಿ. ಒಂದೇ ಇದ್ದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಒಳಗೂ ಹೆದರುತ್ತದೆ. ಅವಿತಿರುವಾಗ ಹೊರಗೆಳೆಯಬಾರದು.

ಬೆಳಗಿನ ಜಾವ ಮತ್ತು ಮುಸ್ಸಂಜೆ ಮೊಲ ಚುರುಕಾಗಿರುವ ಹೊತ್ತು. ಆಗ 15-20 ನಿಮಿಷ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಏನಾದರೂ ಓದಿಕೊಳ್ಳಿ; ದಿಟ್ಟಿಸಿ ನೋಡಬೇಡಿ. ಕೊತ್ತಂಬರಿ ಸೊಪ್ಪಿನ ಒಂದೆರಡು ಕಡ್ಡಿಯನ್ನು ಮೊದಲು ನಾಲ್ಕೈದು ಅಡಿ ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತನ್ನಿ, ಕೊನೆಗೆ ಅಂಗೈಗೆ. ಬಾರದೆ ಹಿಂಜರಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಹಿಂದಿನ ದೂರಕ್ಕೇ ಮರಳಿ.

ಮೂಗಿನ ತುದಿಯ ಮುಂದೆ, ಗದ್ದದ ಕೆಳಗೆ ಇರುವುದು ಮೊಲಕ್ಕೆ ಕಾಣಿಸದು. ಅಲ್ಲಿಗೆ ಕೈ ಚಾಚಿದರೆ ಬೆಚ್ಚುತ್ತದೆ. ಕೈಯನ್ನು ಅದಕ್ಕೆ ಕಾಣುವಂತೆ ಪಕ್ಕದಿಂದ ತಂದು ಹಣೆ ಸವರಿ. ಹಿಂಗಾಲಿನಿಂದ ನೆಲ ಗುದ್ದಿದರೆ ಬಿಟ್ಟುಬಿಡಿ. ಗದ್ದವನ್ನು ನಿಮ್ಮ ಮಂಡಿಗೆ ಉಜ್ಜಿತೋ, ಸಂತೋಷಪಡಿ: ತನ್ನ ವಾಸನೆ ಹಚ್ಚಿ ನಿಮ್ಮನ್ನು ತನ್ನದೆಂದು ಗುರುತು ಮಾಡಿಕೊಂಡಿದೆ.

ಒಂದು ಎಚ್ಚರಿಕೆ. 12 ಗಂಟೆ ಹುಲ್ಲು ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದನ್ನು ಬರೀ ಅಂಜಿಕೆ ಎಂದುಕೊಳ್ಳಬೇಡಿ. ಕರುಳಿನ ಚಲನೆ ನಿಂತಿರಬಹುದು, ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ.