ತಮ್ಮಾ, ಹಾಡು ಯಾವಾಗ ಶುರು ಆಗ್ತದ?

ಮಾತಿಲ್ಲದ ಎಲೆಕ್ಟ್ರಾನಿಕ್ ಸಂಗೀತ ಇಷ್ಟು ಚೆನ್ನಾಗಿದ್ದರೂ ಜನರಿಗೆ ಯಾಕೆ ಮುಟ್ಟಲ್ಲ ಅಂತ ಕೇಳಿದ್ದೀರಿ. ಕಲಬುರಗಿ ಕಡೆ ಮದುವೆ, ಜಾತ್ರೆಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನಾನು ಕಂಡಿದ್ದನ್ನು ಹೇಳುತ್ತೇನೆ.

ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ನಾನೇ ಮಾಡಿದ ಟ್ರ್ಯಾಕ್ ಹಾಕಿದೆ. ಆರು ನಿಮಿಷದ್ದು. ನಾಲ್ಕನೇ ನಿಮಿಷಕ್ಕೆ ಹೆಣ್ಣಿನ ಕಡೆಯ ಕಾಕಾ ಒಬ್ಬರು ಹುಗ್ಗಿ ತಟ್ಟೆ ಹಿಡಿದುಕೊಂಡೇ ಬಂದು, "ತಮ್ಮಾ, ಹಾಡು ಯಾವಾಗ ಶುರು ಆಗ್ತದ?" ಅಂದರು. ಬೈಯಲಿಲ್ಲ. ನಿಜವಾಗಿ ಕಾಯುತ್ತಿದ್ದರು ಪಾಪ.

ಅದೇ ರಾತ್ರಿ ಮೆರವಣಿಗೆಯಲ್ಲಿ ಬ್ಯಾಂಜೊದವರು ಬಾರಿಸಿದ್ದಕ್ಕೂ ಮಾತಿರಲಿಲ್ಲ. ಆದರೆ ಎಲ್ಲವೂ ಸಿನಿಮಾ ಹಾಡಿನ ಟ್ಯೂನು, ಸಾಲುಗಳು ಜನರ ಬಾಯಲ್ಲೇ ಇದ್ದವು. ಕಾಕಾ ಟವೆಲ್ ಬೀಸಿ ಬೀಸಿ ಕುಣಿದರು.

ನಮ್ಮಲ್ಲಿ ಹಾಡಿನ ಹೆಸರು ಅಂದರೆ ಅದರ ಮೊದಲ ಸಾಲು, ಅಲ್ವಾ? ಡಿಜೆ ಹುಡುಗನಿಗೆ ಆ ಸಾಲು ಹೇಳಿದರೆ ಸಾಕು. ಸಾಲೇ ಇಲ್ಲದಿದ್ದರೆ ಏನಂತ ಕೇಳೋದು? ಫ್ರಾನ್ಸಿನ ಸಂಗೀತಗಾರ ಜಾನ್ ಮಿಶೆಲ್ ಜಾರ್ 1976ರಲ್ಲಿ ತಂದ, ಮಾತಿಲ್ಲದ 'ಆಕ್ಸಿಜೆನ್' ಆಲ್ಬಮ್ಮಿನಲ್ಲಿ ಟ್ರ್ಯಾಕುಗಳಿಗೆ ಭಾಗ 1, ಭಾಗ 2 ಅಂತ ನಂಬರೇ ಹೆಸರು. ಅದು ಲಕ್ಷಗಟ್ಟಲೆ ಮಾರಾಟವಾಯಿತು, ಸರಿ. ಆದರೆ ನಮ್ಮ ಸ್ಟೇಜ್ ಮುಂದೆ ನಿಂತು "ಭಾಗ 4 ಹಾಕ್ರಿ ಅಣ್ಣಾ" ಅಂತ ಯಾರು ಕೂಗ್ತಾರೆ?

ಸಿನಿಮಾ ಜೊತೆಗಿದ್ದರೆ ಬೇರೆ ಮಾತು. ಗ್ರೀಸಿನ ಸಂಗೀತಗಾರ ವ್ಯಾಂಜೆಲಿಸ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಬಳಸಿ 'ಚಾರಿಯಟ್ಸ್ ಆಫ್ ಫೈರ್' ಸಿನಿಮಾಕ್ಕೆ ಮಾಡಿದ ಟ್ಯೂನು 1982ರಲ್ಲಿ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಕಡಲ ದಂಡೆಯಲ್ಲಿ ಹುಡುಗರು ಓಡುವ ದೃಶ್ಯವೇ ಅದರ ಗುರುತು. ಅದೇ ವರ್ಷ ಮುಂಬೈಯ ಚರಣಜೀತ್ ಸಿಂಗ್, ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು, ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಸಿನಿಮಾದ ಆಸರೆ ಇರಲಿಲ್ಲ, ರೆಕಾರ್ಡ್ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ, ಆ ರೆಕಾರ್ಡ್ ಬಂದ ಕೆಲವು ವರ್ಷದ ಮೇಲೆ ಷಿಕಾಗೋದಲ್ಲಿ ಹುಟ್ಟಿದ ಆಸಿಡ್ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಥರಾನೇ ಇದೆಯಲ್ಲ ಅಂತ ಹೊರದೇಶದವರು ಬೆರಗಾದರು. ಅದರಲ್ಲಿನ ಭೈರವ್ ಕೇಳಿ. ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಬರೋದೇ ಇಲ್ಲ. (ಇಂಥ ಸಂಗೀತ ಸೋಲೋದಕ್ಕೆ ಅದೂ ಒಂದು ಕಾರಣ.)

ನನ್ನ ಟ್ರ್ಯಾಕಿಗೆ ಆಮೇಲೆ ಭಜನೆ ಮೇಳದವರ ದನಿಯಲ್ಲಿ "ಓಂ ನಮಃ ಶಿವಾಯ" ಎರಡೇ ಸಲ ಸೇರಿಸಿದೆ. ಬೇರೆ ಒಂದು ಸ್ವರವನ್ನೂ ಮುಟ್ಟಿಲ್ಲ. ಈಗ ಹುಡುಗರು ಬಂದು "ಅಣ್ಣಾ, ಆ ಶಿವಾಯ ಹಾಡು ಹಾಕ್ರಿ" ಅಂತಾರೆ.